ಮಂಗಳೂರು ಕ್ವಾಯರ್ ಜೊತೆ ಜರ್ಮನಿಯ ಹಳ್ಳಿಗಳಲ್ಲಿ ನಾಲ್ಕು ದಿನ: ಈ ಹಾಡು ಯಾರದ್ದು?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಾನು ಶಿವಮೊಗ್ಗದವನು. ಒಂಬತ್ತು ವರ್ಷದಿಂದ ಸ್ಟುಟ್‌ಗಾರ್ಟ್ ಹತ್ತಿರ ಸಾಫ್ಟ್‌ವೇರ್ ಕೆಲಸ. ಚರ್ಚಿಗೂ ನನಗೂ ಯಾವ ನಂಟೂ ಇಲ್ಲ. ದೇವರನಾಮ, ಶನಿವಾರದ ಭಜನೆ ಕೇಳಿ ಬೆಳೆದ ಮನೆ. ಕಳೆದ ಅಕ್ಟೋಬರ್ ಕೊನೆಯಲ್ಲಿ ಇಲ್ಲಿನ ಕನ್ನಡದ ಗೆಳೆಯರೊಬ್ಬರು ಫೋನ್ ಮಾಡಿದರು. "ಮಂಗಳೂರು ಕಡೆಯಿಂದ ಒಂದು ಚರ್ಚ್ ಕ್ವಾಯರ್ ಬಂದಿದೆ ಕಣೋ. ಹದಿನೆಂಟು ಜನ, ಹತ್ತು ದಿನ ಹಳ್ಳಿಹಳ್ಳಿ ಸುತ್ತಿ ಹಾಡ್ತಾರೆ. ಇಲ್ಲಿನ ಅಜ್ಜ ಅಜ್ಜಿಯರಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಜರ್ಮನ್ ಬರಲ್ಲ. ನಾಲ್ಕು ದಿನ ಜೊತೆಗಿರ್ತೀಯಾ?" ವ್ಯಾನ್ ಓಡಿಸೋಕೆ ಲೈಸೆನ್ಸ್ ಇರೋನೂ ಬೇಕಾಗಿದ್ದ ಅನ್ನೋದು ಹೋದ ಮೇಲೆ ಗೊತ್ತಾಯಿತು.

ಮೊದಲ ದಿನ ವ್ಯಾನ್‌ನಲ್ಲೇ ಪ್ರಾಕ್ಟೀಸ್. ನೋಟ್‌ಬುಕ್ಕಿನಲ್ಲಿ ಜರ್ಮನ್ ಸಾಲುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದರು. ಅವರನ್ನು ಕಾಡುತ್ತಿದ್ದದ್ದು ಒಂದೇ ಸ್ವರ: ತುಟಿ 'ಉ' ಅನ್ನಬೇಕು, ನಾಲಿಗೆ 'ಇ' ಅನ್ನಬೇಕು, ಜರ್ಮನ್‌ನಲ್ಲಿ ಉಕಾರದ ಮೇಲೆ ಎರಡು ಚುಕ್ಕೆ ಇಟ್ಟು ಬರೆಯುತ್ತಾರಲ್ಲ, ಅದು. ಹಿಂದಿನ ಸೀಟಿನ ಅಂಕಲ್ ಒಬ್ಬರು, "ನಮ್ಮ ತುಳುವಿನ ಅರ್ಧ ಉಕಾರ ಉಂಟಲ್ಲ, ಅದೇ ಅಲ್ವಾ?" ಅಂದರು. ಅದೇ ಅಲ್ಲ. ತುಳುವಿನದು ತುಟಿ ಅಗಲಿಸಿ ಹೇಳುವಂಥದ್ದು, ಇದಕ್ಕೆ ತುಟಿ ಗುಂಡಗಾಗಬೇಕು. ಎರಡು ತಾಸು ಹದಿನೆಂಟು ಜನ ಶಿಳ್ಳೆ ಹೊಡೆಯೋ ಹಾಗೆ ತುಟಿ ಮಾಡಿಕೊಂಡು ಕೂತಿದ್ದರು. ಸಿಗ್ನಲ್‌ನಲ್ಲಿ ಪಕ್ಕದ ಕಾರಿನವರು ನೋಡಿದ ನೋಟ ಈಗಲೂ ನೆನಪಿದೆ.

ನಾನು ಬರೆಯಬೇಕೆಂದಿರುವುದು ಅಕ್ಟೋಬರ್ 31ರ ಆರಾಧನೆಯ ಬಗ್ಗೆ. ಪ್ರಾಟೆಸ್ಟಂಟರಿಗೆ ಅದು ಅವರ ಪಂಥಕ್ಕೆ ನಾಂದಿ ಹಾಡಿದ ಲೂಥರನ ದಿನ. ಆ ದಿನ ಅವನದೇ ರಚನೆ 'ಐನ್ ಫೆಸ್ಟೆ ಬುರ್ಗ್' ಹಾಡುವುದು ವಾಡಿಕೆ. ಸುಮಾರು 1529ರ ಹಾಡು; ಕರಾವಳಿಯ ಚರ್ಚ್‌ಗಳಲ್ಲಿ ಕನ್ನಡದಲ್ಲೂ ಇದೆಯಂತೆ. ಮೊದಲ ಚರಣ ಊರವರು ಜರ್ಮನ್‌ನಲ್ಲಿ, ಎರಡನೆಯದು ನಮ್ಮವರು ಕನ್ನಡದಲ್ಲಿ, ಮೂರನೆಯದು ಎಲ್ಲರೂ ಒಟ್ಟಿಗೆ ಅವರವರ ಭಾಷೆಯಲ್ಲಿ ಅಂತ ಮಾತಾಗಿತ್ತು.

ಮೂರನೇ ಚರಣದ ಮೊದಲ ಸಾಲಿಗೇ ಎಡವಟ್ಟಾಯಿತು. ಭಾಷೆ ಬೇರೆ ಅಂತಲ್ಲ, ನಡೆಯೇ ಬೇರೆ. ನಮ್ಮವರದು ಸಮ ಹೆಜ್ಜೆ, ಆದಿತಾಳದಲ್ಲಿ ಎಣಿಸಬಹುದು. ಊರವರದು ಒಂದು ಕಡೆ ಉದ್ದ, ಒಂದು ಕಡೆ ಚುಟುಕು, ಮಧ್ಯೆ ಮಧ್ಯೆ ಎಗರುತ್ತೆ. ಆರ್ಗನ್ ನುಡಿಸುತ್ತಿದ್ದವರು ಎಪ್ಪತ್ತು ದಾಟಿದ ಹೆಂಗಸು. ಯಾರ ಹಿಂದೆ ಹೋಗಬೇಕೋ ತಿಳಿಯದೆ ಕೈ ಎತ್ತಿಬಿಟ್ಟರು. ಊರವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ನಮ್ಮವರಿಗೆ ನಿಲ್ಲಿಸೋದು ಗೊತ್ತಾಗಲಿಲ್ಲ. ಆ ತಣ್ಣನೆ ಕಲ್ಲಿನ ಚರ್ಚಿನಲ್ಲಿ ಆರ್ಗನ್ ಇಲ್ಲದೆ ನಾಲ್ಕು ಸ್ವರದ (ಮೇಲಿಂದ ಕೆಳಗೆ ಸೊಪ್ರಾನೋ, ಆಲ್ಟೋ, ಟೆನರ್, ಬೇಸ್ ಅಂತ ನಾಲ್ಕು ದನಿ ಬೇರೆ ಬೇರೆ ಎಳೆ ಹಾಡೋದು) ಕನ್ನಡ ಚರಣ ಕೊನೆವರೆಗೂ ನಡೆಯಿತು. ಮುಗಿದ ಮೇಲೆ ಯಾರೂ ಕೆಮ್ಮಲೂ ಇಲ್ಲ.

ಆರಾಧನೆ ಮುಗಿದು ಎಲ್ಲರೂ ಕಾಫಿ, ಕೇಕ್ ಅಂತ ಹೊರಟರು. ಆರ್ಗನ್‌ನವರು ಮಾತ್ರ ಕಪಾಟಿನಿಂದ ಒಂದು ಹಳೆಯ ಕೋರಾಲ್ (ಚರ್ಚಿನಲ್ಲಿ ಸಭೆಯೆಲ್ಲ ಹಾಡುವ ಹಾಡು) ಪುಸ್ತಕ ತಂದರು, ಅಂಚು ಪುಡಿಯಾಗುತ್ತಿತ್ತು. ಕ್ವಾಯರ್ ಮಾಸ್ಟರ್ ಜೊತೆ ಕೂತು ಆ ಪುಟ ತೆಗೆದರು. ಅದರಲ್ಲಿದ್ದದ್ದು ನಮ್ಮವರ ಸಮ ನಡೆ! "ಇವರು ತಪ್ಪಿಲ್ಲ. ನನ್ನ ಮುತ್ತಜ್ಜಿ ಹೀಗೆಯೇ ಹಾಡಿರಬೇಕು. ಬದಲಾದವರು ನಾವು" ಅಂತ ನನಗೆ ಹೇಳಿದರು. ನಾನು ಅದನ್ನು ಕನ್ನಡಕ್ಕೆ ಮಾಡಿ ಹೇಳುವಾಗ ಗಂಟಲು ಕಟ್ಟಿತು. ನನ್ನ ಧರ್ಮವೂ ಅಲ್ಲ, ನನ್ನ ಹಾಡೂ ಅಲ್ಲ!

ಕಿಟ್ಟೆಲ್ ಕೂಡ ಸ್ಟುಟ್‌ಗಾರ್ಟ್ ಸುತ್ತಲಿನ ಇದೇ ಶ್ವಾಬಿಯಾ ಸೀಮೆಯವರಲ್ವಾ? ಹಾಗಾಗಿ ಇಲ್ಲಿನವರಿಗೆ ನಮ್ಮ ಕರಾವಳಿ ಅಂದರೆ ಅಷ್ಟು ಅಕ್ಕರೆ ಅನ್ನಿಸಿತು. ನನ್ನ ಪ್ರಶ್ನೆ ಇಷ್ಟೆ: ಹೀಗೆ ಹಾಡಿಕೊಂಡು ದೇಶ ದೇಶ ಹೋಗುವ ತಂಡಗಳ ಅನುಭವ ನಿಮಗಿದೆಯಾ? ಹಾಡು ನಿಜಕ್ಕೂ ಏನಾದರೂ ಮಾಡುತ್ತಾ, ಅಥವಾ ಊರು ಬಿಟ್ಟವನ ಕಣ್ಣಿಗೆ ಕನ್ನಡ ಕೇಳಿದ್ದಕ್ಕೇ ನೀರು ಬಂತಾ?

ಹಳೇ ಪುಸ್ತಕದ ಹುಳ

ಒಂದು ತಿದ್ದುಪಡಿ ಮೊದಲು. ಕಿಟ್ಟೆಲ್ ಶ್ವಾಬಿಯಾದವರಲ್ಲ. ಉತ್ತರ ಸಮುದ್ರದ ಕಡೆಯ ಪೂರ್ವ ಫ್ರೀಸ್‌ಲ್ಯಾಂಡ್‌ನವರು. ಕೊನೆಗಾಲದಲ್ಲಿ ನಿಮ್ಮ ಪಕ್ಕದ ಟ್ಯೂಬಿಂಗನ್‌ನಲ್ಲಿದ್ದು 1903ರಲ್ಲಿ ಅಲ್ಲೇ ತೀರಿಕೊಂಡರು. ಅಪ್ಪಟ ಶ್ವಾಬಿಯಾದವರು ಅಂದರೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ದ ಮೊಗ್ಲಿಂಗ್. ಮಲಯಾಳದ ನಿಘಂಟು ಮಾಡಿದ ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲೇ.

ಇನ್ನು ಆ ನಡೆಯ ವಿಚಾರ. ಆರ್ಗನ್ ಅಜ್ಜಿ ಹೇಳಿದ್ದು ಸರಿ. ಲೂಥರನ ಕಾಲದಲ್ಲಿ ಆ ಹಾಡಿನ ಲಯ ಏರುಪೇರಿನದೇ ಆಗಿತ್ತು. ಆಮೇಲಿನ ಇನ್ನೂರು ವರ್ಷದಲ್ಲಿ ಸಭೆಯೆಲ್ಲ ಒಟ್ಟಿಗೆ ಹಾಡಲು ಸಲೀಸಾಗಲಿ ಅಂತ ಎಲ್ಲ ಸ್ವರಕ್ಕೂ ಒಂದೇ ಅಳತೆ ಬಂತು. ಜರ್ಮನಿಯ ದೊಡ್ಡ ಸಂಗೀತಕಾರ ಬಾಖ್ ಬಳಸಿದ್ದು ಆ ಸಮನಾದ ರೂಪ. ಸ್ವಿಟ್ಜರ್‌ಲ್ಯಾಂಡಿನ ಪ್ರಾಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಇಳಿದಾಗ ಬಾಯಲ್ಲಿದ್ದದ್ದೂ ಅದೇ. ಮುಂದೆ ಜರ್ಮನಿಯಲ್ಲಿ ಹಳೆಯ ಲಯವನ್ನು ಹುಡುಕಿ ತೆಗೆಯುವ ಚಳವಳಿ ನಡೆದು, 20ನೇ ಶತಮಾನದ ಪ್ರಾರ್ಥನಾ ಗೀತೆಗಳ ಪುಸ್ತಕಗಳಿಗೆ ಮತ್ತೆ ಏರುಪೇರಿನ ಲಯ ಬಂತು. ಆ ಸುದ್ದಿ ನಮ್ಮ ಕರಾವಳಿಗೆ ಮುಟ್ಟಲಿಲ್ಲ, ಅಥವಾ ಮುಟ್ಟಿದರೂ ಇವರು ಕೇಳಲಿಲ್ಲ. ತವರಿನಲ್ಲಿ ಬದಲಾದ ಪದ್ಧತಿಯನ್ನು ಕೊಟ್ಟ ಹೆಣ್ಣು ಗಂಡನ ಮನೆಯಲ್ಲಿ ಹಾಗೇ ಇಟ್ಟುಕೊಳ್ಳುತ್ತಾಳಲ್ಲ, ಅಂಥದ್ದೇ ಇದು.

ಆಲ್ಟೋ ಸಾಲಿನ ಕೊನೆಯವಳು

ತುಂಗೆಯ ದಡ ಅವರೇ, ನೀವು ಬರೆದದ್ದು ಓದಿ ನಗುವೂ ಬಂತು, ಅಳುವೂ ಬಂತು ಮಾರಾಯ್ರೆ. ಆ ಹದಿನೆಂಟರಲ್ಲಿ ನಾನಿರಲಿಲ್ಲ. ಆದರೆ ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ತಂಡದಲ್ಲಿ ನಾನೂ ಹೋಗಿದ್ದೆ, ಹಾಗಾಗಿ ಒಳಗಿನ ಕಥೆ ಹೇಳ್ತೇನೆ.

ಹೊರಗಿನವರಿಗೆ ಫಾರಿನ್ ಟೂರ್ ಅಂತ ಕಾಣ್ತದೆ. ಒಂದೂವರೆ ವರ್ಷ ನಾವು ದುಡ್ಡು ಕೂಡಿಸಿದ್ದು ಹೇಗೆ ಗೊತ್ತುಂಟಾ? ಭಾನುವಾರ ಆರಾಧನೆ ಬಿಟ್ಟ ಮೇಲೆ ಗೇಟಿನ ಹತ್ತಿರ ಮೇಜು ಹಾಕಿ ಚಕ್ಕುಲಿ, ಗುಳಿಯಪ್ಪ, ಉಪ್ಪಿನಕಾಯಿ ಮಾರಿದ್ದು. ಬೆಳೆ ಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿಯನ್ನು ಮೂರು ಸಲ ಏಲಂ ಹಾಕಿದ್ದೇವೆ. ತೆಗೆದುಕೊಂಡವರೇ ಮತ್ತೆ ದಾನ ಕೊಡುವುದು, ಮತ್ತೆ ಕೂಗುವುದು. ವೀಸಾ ಸಂದರ್ಶನದಲ್ಲಿ ಮದುವೆಯಾಗದ ಇಬ್ಬರು ಹುಡುಗಿಯರಿಗೆ ಸಿಗಲಿಲ್ಲ. ಇಬ್ಬರೂ ಸೊಪ್ರಾನೋ. ನಾಲ್ಕು ಸ್ವರದ ತಂಡದಲ್ಲಿ ಮೇಲಿನ ಇಬ್ಬರು ಹೋದರೆ ಕೈಮುರಿದ ಹಾಗೆ. ನನ್ನ ಪಕ್ಕದವಳನ್ನು ಆಲ್ಟೋದಿಂದ ಮೇಲಕ್ಕೆ ಹತ್ತಿಸಿದರು, ಪಾಪ, ಕರಿಮೆಣಸಿನ ಕಷಾಯ ಕುಡಿದು ಕುಡಿದು ಹಾಡಿದಳು.

ಅಲ್ಲಿ ನಮಗೆ ಬೇಜಾರಾದದ್ದು ಒಂದು ವಿಷಯಕ್ಕೆ. ನಾವು ಆರು ತಿಂಗಳು ಬೆವರಿಳಿಸಿ ನಾಲ್ಕು ಸ್ವರದ ಕೋರಾಲ್ ಕಲಿತು ಹೋಗಿದ್ದೆವು. ಒಂದು ಊರಿನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಕರೆದವರು ಬಂದು ನಯವಾಗಿ ಹೇಳಿದರು: "ಇದೆಲ್ಲ ನಮ್ಮಲ್ಲಿ ಉಂಟು. ನಿಮ್ಮದೇ ಏನಾದರೂ ಹಾಡಿ. ಡ್ಯಾನ್ಸ್ ಇದ್ದರೆ ಒಳ್ಳೆಯದು, ಬಣ್ಣದ ಸೀರೆ ಉಡ್ತೀರಲ್ಲ?" ಅವರ ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ನಮ್ಮ ಮಾಸ್ಟರ್ ಮುಖ ಸಣ್ಣದಾಯಿತು. ನನ್ನ ಅಜ್ಜಿಯ ಅಜ್ಜಿ ಸಾಯುವಾಗ ಮಂಚದ ಸುತ್ತ ನಿಂತು ಹಾಡಿದ್ದು ಈ ಕೋರಾಲ್. ಐದಾರು ತಲೆಮಾರು ಮದುವೆಗೆ, ಮಣ್ಣಿಗೆ ಇದನ್ನೇ ಹಾಡಿದ ಮೇಲೂ ಇದು ನಮ್ಮದಲ್ಲ ಅಂದರೆ, ನಮ್ಮದು ಯಾವುದು ಮಾರಾಯ್ರೆ?

ಕಡೆಗೆ ಎರಡೂ ಹಾಡಿದೆವು. ತುಳು ಹಾಡು ಒಂದನ್ನು ಚಪ್ಪಾಳೆ ತಟ್ಟಿಕೊಂಡು ಹಾಡಿದೆವು, ಎಲ್ಲರೂ ಫೋನ್ ಎತ್ತಿ ವಿಡಿಯೋ ಮಾಡಿದರು. ಕೋರಾಲ್ ಹಾಡುವಾಗ ಫೋನ್ ಕೆಳಗಿಟ್ಟು ಕೇಳಿದರು. ನಾನು ಆ ಎರಡನ್ನೂ ಗಮನಿಸಿದೆ.

ನೇರ ಮಾತು

ಎಲ್ಲರೂ ಭಾವುಕರಾಗಿದ್ದೀರಿ, ಸಂತೋಷ. ಆದರೆ ಇಂಥ ಪ್ರವಾಸಕ್ಕೆ 'ಮಿಷನ್ ಟ್ರಿಪ್' ಅಂತಾರಲ್ಲ, ಆ ಪದದಲ್ಲೇ ಉದ್ದೇಶ ಇದೆಯಲ್ಲ? ಹಾಡು ಬರೀ ಗಾಳ, ಹುಳ ತೋರಿಸಿ ಮೀನು ಹಿಡಿಯೋದು. ಅದನ್ನು ಸಂಗೀತದ ಶಕ್ತಿ ಅಂತ ಯಾಕೆ ಕರೀಬೇಕು? ನಮ್ಮ ದಾಸರೂ ಊರೂರು ಹಾಡಿಕೊಂಡು ಹೋದರು, ಯಾರ ಧರ್ಮವನ್ನೂ ಬದಲಿಸಲಿಲ್ಲ.

ನಿರ್ವಾಹಕ

ಪ್ರಶ್ನೆ ಕೇಳಬಹುದು, ಸಮುದಾಯವನ್ನು ಹೀಯಾಳಿಸುವ ಮಾತು ಬೇಡ. ಇದುವರೆಗೆ ಎಲ್ಲರೂ ಸಭ್ಯವಾಗಿದ್ದೀರಿ, ಹಾಗೇ ಮುಂದುವರಿಯಲಿ.

ತುಂಗೆಯ ದಡ

@ನೇರ ಮಾತು, ನಾನು ಕಂಡದ್ದಕ್ಕೆ ನಿಮ್ಮ ಗಾಳದ ಲೆಕ್ಕ ಕೂಡಲ್ಲ ಸರ್. ಇವರು ಹೋದದ್ದು ಮೊದಲೇ ಕ್ರೈಸ್ತರಾಗಿರುವ ಊರುಗಳಿಗೆ. ಮುನ್ನೂರು ಜನ ಹಿಡಿಯುವ ಚರ್ಚಿನಲ್ಲಿ ಮಾಮೂಲಿ ಭಾನುವಾರ ಇಪ್ಪತ್ತೈದು ಜನ ಇರ್ತಾರಂತೆ. ಅವತ್ತು ತುಂಬಿತ್ತು. ಮಿಷನ್ ಅಂದರೆ ಮಂಗಳೂರಿನಿಂದ ಜರ್ಮನಿಗೆ ಅನ್ನೋ ಕಾಲ ಬಂದಿದೆ, ಅದೇ ತಮಾಷೆ.

ಆಲ್ಟೋ ಸಾಲಿನ ಕೊನೆಯವಳು

@ನೇರ ಮಾತು, ನಾನು ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮ ಹಿರಿಯರು ಮತ ಬದಲಿಸಿದವರೇ, ಆ ಕೆಲಸದಲ್ಲಿ ಹಾಡೂ ಇತ್ತು. ಜಾತಿಯವರು ಹೊರಗಿಟ್ಟರು, ಬಾವಿ ನೀರು ಇಲ್ಲ, ಗೇಣಿ ಭೂಮಿ ಇಲ್ಲ. ಅಂಥವರಿಗೆ ಕೆಲಸ ಬೇಕು ಅಂತಲೇ ಮಿಷನ್‌ನವರು ನೇಯ್ಗೆ ಕಾರ್ಖಾನೆ ಮಾಡಿದ್ದು, 1865ರಲ್ಲಿ ಹೆಂಚಿನ ಕಾರ್ಖಾನೆ ಮಾಡಿದ್ದು. ಹೆಂಚು ಕೇರಳದಿಂದ ಗೋವಾದವರೆಗೆ ಎಲ್ಲರ ಮಾಡಿಗೂ ಹತ್ತಿತು, ಆಗ ಯಾರೂ ಅದರ ಮತ ಕೇಳಲಿಲ್ಲ. ಇದು ಜಗಳಕ್ಕೆ ಹೇಳಿದ್ದಲ್ಲ, ಮಂಗಳೂರಿನವರ ಬಾಯಿ ಸ್ವಲ್ಪ ಹರಿತ, ಬೇಜಾರು ಮಾಡ್ಕೊಬೇಡಿ.

ಬನ್ನಿಮಂಟಪ ರಸ್ತೆ

ಒಂದು ಕಾನೂನಿನ ಮಾತು, ತಿಳಿದಿರಲಿ ಅಂತ: ಭಾರತಕ್ಕೆ ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರು ಧರ್ಮಪ್ರಚಾರ ಮಾಡುವ ಹಾಗಿಲ್ಲ, ಮಿಷನರಿಗಳಿಗೆ ಬೇರೆಯೇ ವೀಸಾ ಇದೆ. ಹೊರಗಿನ ತಂಡ ಕರೆಸುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹಾಡಿದವರಿಗಿಂತ ಕರೆಸಿದವರಿಗೆ ತೊಂದರೆ.

ನಾವು ಮೈಸೂರಿನ ಕ್ಯಾಥೊಲಿಕರು. ನಮ್ಮ ತಾತನ ಕಾಲಕ್ಕೆ ಬಲಿಪೂಜೆಯೆಲ್ಲ ಲ್ಯಾಟಿನ್. ತಾತನಿಗೆ ಅರ್ಥ ಒಂದಕ್ಷರ ಗೊತ್ತಿಲ್ಲದಿದ್ದರೂ ಬಾಯಿಪಾಠ. 1963ರ ಡಿಸೆಂಬರ್‌ನಲ್ಲಿ ನಮ್ಮ ಧರ್ಮಸಭೆಯ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ದಾಖಲೆ ಹೊರಡಿಸಿ, ಜನರ ಭಾಷೆಗೂ ಆಯಾ ನಾಡಿನ ಸಂಗೀತಕ್ಕೂ ಬಾಗಿಲು ತೆರೆಯಿತು. ಆಮೇಲೆ ಕನ್ನಡ ಬಂತು, ಹಾರ್ಮೋನಿಯಂ, ತಬಲಾ ಬಂದವು. ತಾತ ಮಾತ್ರ ಹಸುವಿಗೆ ಹುಲ್ಲು ಹಾಕುವಾಗ ಕೊನೆವರೆಗೂ ಲ್ಯಾಟಿನ್‌ನಲ್ಲೇ ಗುನುಗುತ್ತಿದ್ದರು.

ಹಳೇ ಪುಸ್ತಕದ ಹುಳ

ದಾಸರ ಮಾತು ಬಂತಲ್ಲ, ಸುಮ್ಮನಿರಲಾಗುತ್ತಿಲ್ಲ. ದಾಸರ ಪದಗಳನ್ನು ಮೊದಮೊದಲು ಅಚ್ಚು ಹಾಕಿಸಿದವರಲ್ಲಿ ಮೊಗ್ಲಿಂಗ್ ಇದ್ದಾರೆ, 1850ರಲ್ಲಿ. ಕೋರಾಲ್ ಹಿಡಿದು ಬಂದ ಪಾದ್ರಿ ಪುರಂದರದಾಸರ ಪದಕ್ಕೆ ಮೊಳೆ ಜೋಡಿಸಿದರು. ಉದ್ದೇಶ ಏನಾದರೂ ಇರಲಿ, ಕಿವಿಯಂತೂ ತೆರೆದಿತ್ತು.

ಕಿಟ್ಟೆಲ್‌ರದು ಇನ್ನೂ ಸ್ವಾರಸ್ಯ. 1853ರಲ್ಲಿ ಬಂದವರು. ಜರ್ಮನ್ ರಾಗಕ್ಕೆ ಕನ್ನಡ ಪದ ತುಂಬುವ ಕಷ್ಟ ಏನು ಅಂತ ಒಮ್ಮೆ ಹಾಡಿ ನೋಡಿ. ಜರ್ಮನ್ ಹಾಡುಗಳಲ್ಲಿ ಎಷ್ಟೋ ಸಾಲುಗಳು ಒಂದು ಹಗುರ ಅಕ್ಷರದಿಂದ ಶುರುವಾಗಿ ಎರಡನೆಯದರ ಮೇಲೆ ಪೆಟ್ಟು ಬೀಳುತ್ತೆ. ಕನ್ನಡದ ಪದಕ್ಕೆ ಒತ್ತು ಮೊದಲಲ್ಲೇ. 'ದೇವರು' ಅನ್ನೋ ಪದವನ್ನು ಅಂಥ ಸಾಲಿನ ಶುರುವಿಗೆ ಇಟ್ಟರೆ ಪೆಟ್ಟು 'ವ' ಮೇಲೆ ಬಿದ್ದು 'ದೇವಾರು' ಆಗುತ್ತೆ. ದೇವರೇ ಮುಗ್ಗರಿಸಿದ ಹಾಗೆ! ಹಳೆಯ ಅನುವಾದಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಕಿಟ್ಟೆಲ್‌ಗೆ ಇದು ಕಿವಿಗೆ ಚುಚ್ಚಿರಬೇಕು. ಯೇಸುವಿನ ಕಥೆಯನ್ನು ಅವರು 1862ರಲ್ಲಿ 'ಕಥಾಮಾಲೆ' ಅಂತ ನಮ್ಮದೇ ಪದ್ಯದ ಮಟ್ಟುಗಳಲ್ಲಿ ಬರೆದರು. ಮುಂದೆ 1875ರಲ್ಲಿ ಕನ್ನಡ ಛಂದಸ್ಸಿನ ಹಳೆಯ ಗ್ರಂಥ, ನಾಗವರ್ಮನ ಛಂದೋಂಬುಧಿಯನ್ನೇ ಸಂಪಾದಿಸಿ ಅಚ್ಚು ಹಾಕಿಸಿದರು. ಹಾಡು ಕೊಡಲು ಬಂದವನು ಗುರು ಲಘು ಎಣಿಸುತ್ತಾ ಕೂತ. 1894ರ ನಿಘಂಟು ಎಲ್ಲರಿಗೂ ಗೊತ್ತು, ಈ ಪುಸ್ತಕಗಳನ್ನು ಯಾರೂ ಓದುವುದಿಲ್ಲ.

ಬೆಟಗೇರಿ ಮಾಸ್ತರ

ನಾ ಬೆಟಗೇರಿ ಕಡೆಯವ, ರಿಟೈರ್ ಆದ ಮಾಸ್ತರ. ಎಲ್ಲಾರೂ ಒಳ್ಳೇದ ಹೇಳಾಕತ್ತೀರಿ, ನಾ ಒಂದ ಕಹಿ ಹೇಳತೇನ್ರೀ.

ಹತ್ತ ಹನ್ನೆರಡ ವರ್ಷದ ಹಿಂದ ನಮ್ಮ ಸಾಲಿಗೆ ಪರದೇಶದ್ದೊಂದ ಹಾಡೋ ತಂಡ ಬಂದಿತ್ತು. ಯಾವ ದೇಶ, ಯಾರು ಕಳಿಸಿದ್ದು ಅನ್ನೂದು ಬ್ಯಾಡ. ಹದಿನೈದ ದಿನ ಮೊದಲ ಸುದ್ದಿ ಬಂತು. ಹುಡುಗೂರಿಗೆ ಎಲ್ಲಿಲ್ಲದ ಹುರುಪು. ನಾವೂ ಒಂದ ಕೋಲಾಟದ ಪದಾ ಕಲಿಸಿದ್ವಿ. ಕೋಲಿಗೆ ಬಣ್ಣಾ ಹಚ್ಚಿದ್ರು, ತಾಯಂದಿರು ಹಳೇ ಇಳಕಲ್ ಸೀರಿ ಹರದ ಲಂಗಾ ಹೊಲದ ಕೊಟ್ಟಿದ್ರು.

ಬಂದ್ರು. ಒಂದ ತಾಸ ತಡಾ. ಹುಡುಗೂರು ಬಿಸಲಾಗ ಸಾಲಹಚ್ಚಿ ಕುಂತಿದ್ದು. ನಲವತ್ತ ನಿಮಿಷ ಇಂಗ್ಲೀಷಿನ್ಯಾಗ ಹಾಡಿದ್ರು. ಚೊಲೋನ ಹಾಡಿದ್ರು, ಸುಳ್ಳ ಯಾಕ ಹೇಳ್ಲಿ. ಹುಡುಗೂರ ತಲಿ ಸವರಿ ಫೋಟೋ ತಗಸಗೊಂಡ್ರು, ಪೆನ್ಸಿಲ್ ಹಂಚಿದ್ರು. ಆಮ್ಯಾಲ ಅವರ ಮುಂದಾಳ ಗಡಿಯಾರ ನೋಡಿ, ಹಂಪಿಗೆ ಹೋಗಬೇಕು ಕತ್ತಲಾಗತೈತಿ ಅಂದ. ಬಸ್ ಹತ್ತಿದ್ರು. ಮೂರನೇತ್ತೆ ಹುಡುಗಿ ಒಂದು ಕೋಲ ಹಿಡಕೊಂಡ ನನ್ನ ಅಂಗಿ ಜಗ್ಗಿ ಕೇಳಿತು: "ಸರ್, ನಮ್ಮದು ಯಾವಾಗ್ರೀ?"

ಅವತ್ತ ನಾವು ಬಸ್ಸಿನ ಧೂಳಿಗೇ ಕೋಲಾಟ ಆಡಿದ್ವಿ. ಹುಡುಗೂರಿಗೆ ಬ್ಯಾರೆ ಏನ ಹೇಳ್ಲಿ?

ಮಿಷನ್ ಗಿಷನ್ ನನಗ ಬಗೀಹರ್ಯಾಂಗಿಲ್ಲ. ಇನ್ನೊಬ್ಬರ ಮನಿಗೆ ಹೋದ್ರ ಅವರ ಮಾತೂ ಕೇಳಬೇಕು. ಹಾಡೂ ಹಂಗ.

ತುಂಗೆಯ ದಡ

ಮಾಸ್ತರ್, "ನಮ್ಮದು ಯಾವಾಗ" ಅನ್ನೋದು ಎರಡು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ.

ನೀಲಿ ಸ್ವರ

ಮಾಸ್ತರರ ಮಾತಿಗೆ ಇದೇ ವಿಷಯದ ಇನ್ನೊಂದು ಮಗ್ಗುಲು. ನಾನು ಅಮೆರಿಕದ ಕಪ್ಪು ಜನರ ಸಂಗೀತದ ಹುಚ್ಚ. ಹಾಡಿಕೊಂಡು ಹೋಗುವ ತಂಡ ಅಂದರೆ ನನಗೆ ಮೊದಲು ನೆನಪಾಗೋದು ಫಿಸ್ಕ್ ಜ್ಯುಬಿಲಿ ಸಿಂಗರ್ಸ್.

ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ 1866ರಲ್ಲಿ ಶುರುವಾದ ಫಿಸ್ಕ್ ಶಾಲೆ. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದವರಿಗೆ ಅಕ್ಷರ ಕಲಿಸಲು ಮಿಷನರಿ ಸಂಘ ಕಟ್ಟಿದ್ದು. ಐದು ವರ್ಷಕ್ಕೆ ದುಡ್ಡು ಖಾಲಿ, ಮುಚ್ಚುವ ಸ್ಥಿತಿ. ಅಲ್ಲಿನ ಖಜಾಂಚಿಯೂ ಸಂಗೀತದ ಮೇಷ್ಟ್ರೂ ಆಗಿದ್ದ ಜಾರ್ಜ್ ವೈಟ್ 1871ರ ಅಕ್ಟೋಬರ್ 6ರಂದು ಒಂಬತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಉತ್ತರಕ್ಕೆ ಹೊರಟರು. ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರೇ. ಶುರುವಿನಲ್ಲಿ ಹಾಡಿದ್ದು ಬಿಳಿಯರ ಬೈಠಕ್‌ಖಾನೆಯ ಹಾಡುಗಳು, "ನಮಗೂ ಬರುತ್ತೆ ನೋಡಿ" ಅಂತ. ಜನ ಆಕಳಿಸಿದರು. ಎಷ್ಟೋ ಹೋಟೆಲ್‌ಗಳಲ್ಲಿ ರೂಮ್ ಕೊಡಲಿಲ್ಲ. ಅಂಥ ಹೊತ್ತಿನಲ್ಲೂ ಕೈಗೆ ಬಂದ ಐವತ್ತು ಡಾಲರ್‌ಗೂ ಕಮ್ಮಿ ಗಳಿಕೆಯನ್ನು ಆಗ ಸುಟ್ಟುಹೋಗಿದ್ದ ಶಿಕಾಗೋದ ಸಂತ್ರಸ್ತರಿಗೆ ಕೊಟ್ಟುಬಿಟ್ಟರು.

ನವೆಂಬರ್‌ನಲ್ಲಿ ಓಹಾಯೋದ ಓಬರ್ಲಿನ್‌ನಲ್ಲಿ ಪಾದ್ರಿಗಳ ಸಭೆ. ಅಲ್ಲಿ ತಮ್ಮ ಅಪ್ಪ ಅಮ್ಮಂದಿರು ಹತ್ತಿಯ ಹೊಲದಲ್ಲಿ ಹಾಡಿದ ಹಾಡುಗಳನ್ನು ಮೆಲ್ಲಗೆ ಎತ್ತಿಕೊಂಡರು. ಅವು ಅವರ ಮನೆಯ ಗುಟ್ಟಿನ ಹಾಡುಗಳು. ಹೊರಗೆ ಹಾಡಲು ಅವರಿಗೇ ಸಂಕೋಚ. ಗುಲಾಮಗಿರಿಯ ನೆನಪು, ಮೇಲೆ ಪವಿತ್ರ ಬೇರೆ. ಅಲ್ಲಿಂದ ತಂಡದ ದೆಸೆ ತಿರುಗಿತು. 1873ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಆ ದುಡ್ಡಿನಲ್ಲಿ ಕಟ್ಟಿದ ಜ್ಯುಬಿಲಿ ಹಾಲ್ 1876ರಿಂದ ಇವತ್ತಿನವರೆಗೂ ನಿಂತಿದೆ. 1877–78ರಲ್ಲಿ ಜರ್ಮನಿಗೂ ಹೋಗಿದ್ದರು. ಆಮೇಲೆ ಫ್ರೆಡ್ರಿಕ್ ಲೌಡಿನ್ ಕಟ್ಟಿಕೊಂಡ ತಂಡ 1884ರಿಂದ 1890ರವರೆಗೆ ಪ್ರಪಂಚ ಸುತ್ತಿ ನಮ್ಮ ಭಾರತಕ್ಕೂ ಬಂದು ಹೋಯಿತು.

ನೋಡಿ, "ನಿಮ್ಮದೇ ಹಾಡಿ" ಅಂದದ್ದು ಆಲ್ಟೋ ಅವರಿಗೆ ನೋವಾಯಿತು. ಇವರಿಗೆ ತಮ್ಮದೇ ಹಾಡಿದಾಗ ಬಾಗಿಲು ತೆರೆಯಿತು. ಎರಡೂ ನಿಜ. ಹಾಗಾಗಿ ಏನು ಹಾಡಬೇಕು ಅನ್ನೋದನ್ನು ಹಾಡುವವರೇ ತೀರ್ಮಾನ ಮಾಡಬೇಕು, ಕೇಳುವವರು ಆರ್ಡರ್ ಕೊಡಬಾರದು ಅಂತ ನನ್ನ ಅಭಿಪ್ರಾಯ.

ನೇರ ಮಾತು

ಫಿಸ್ಕ್ ಕಥೆ ಗೊತ್ತಿರಲಿಲ್ಲ, ಚೆನ್ನಾಗಿದೆ. ಆದರೂ ಬೇಡ ಬೇಡ ಅಂದರೂ ಪ್ರಶ್ನೆ ಉಳಿಯುತ್ತೆ: ಮಿಷನರಿಗಳು ಹೋದ ಕಡೆ ಅಲ್ಲಿನವರ ವಾದ್ಯ, ಕುಣಿತ ಎಲ್ಲ ಬಿಡಿಸಲಿಲ್ಲವೇ?

ಐಜಾಲ್ ಡೈರಿ

ಬಿಡಿಸಿದರು. ನಾನು ಬ್ಯಾಂಕ್ ಕೆಲಸದ ಮೇಲೆ ಮಿಜೋರಾಂನಲ್ಲಿ ಮೂರು ವರ್ಷ ಇದ್ದೆ, ಊರು ಹಾಸನ. ಅಲ್ಲಿಗೆ ಮೊದಲ ಮಿಷನರಿಗಳು ಬಂದದ್ದು 1894ರಲ್ಲಿ, ವೇಲ್ಸ್‌ನವರು 1897ರಲ್ಲಿ. ಮಿಜೋ ಜನರ ಡೋಲಿಗೆ 'ಖುವಾಂಗ್' ಅಂತಾರೆ. ಹೆಂಡದ ಹಬ್ಬ, ಹಳೆಯ ನಂಬಿಕೆ ಎಲ್ಲ ಅದರ ಜೊತೆ ಅಂಟಿಕೊಂಡಿದ್ದರಿಂದ ಚರ್ಚಿನೊಳಗೆ ಅದಕ್ಕೆ ಜಾಗ ಇರಲಿಲ್ಲ. ಬಂದದ್ದು ವೇಲ್ಸ್‌ನ ರಾಗ, ಸರಿಗಮದಂತೆ ಅಕ್ಷರದಲ್ಲಿ ಬರೆಯುವ ಟಾನಿಕ್ ಸೋಲ್-ಫಾ. ಅದನ್ನು ಅವರು ಎಷ್ಟು ಅರಗಿಸಿಕೊಂಡಿದ್ದಾರೆ ಅಂದರೆ, ನಮ್ಮ ಬ್ಯಾಂಕಿನ ಅಟೆಂಡರ್ ಹೊಸ ಹಾಡಿನ ಹಾಳೆ ನೋಡಿ ಟೀ ಕುಡಿಯುತ್ತಲೇ ಟೆನರ್ ಸಾಲು ಓದಿಬಿಡುತ್ತಿದ್ದ.

ಆದರೆ 1919ರ ಸುಮಾರಿಗೆ ಅಲ್ಲೊಂದು ಧಾರ್ಮಿಕ ಉತ್ಸಾಹದ ಅಲೆ ಎದ್ದಿತು. ಜನ ಡೋಲನ್ನು ತಾವೇ ಒಳಗೆ ತಂದುಬಿಟ್ಟರು. 'ಲೆಂಗ್‌ಖೋಮ್ ಜಾಯ್' ಅನ್ನುವ ನಿಧಾನ ಗತಿಯ ಹಾಡುಗಳು ಆ ಕಾಲದಲ್ಲಿ ಬೆಳೆದವು. ನಾಲ್ಕು ಸ್ವರ ಅಲ್ಲ, ಎಲ್ಲರೂ ಒಂದೇ ಎಳೆ, ನಡುವೆ ಡೋಲು. ಸಾವಿನ ಮನೆಯಲ್ಲಿ ಊರಿಗೆ ಊರೇ ಕೂತು ರಾತ್ರಿಯಿಡೀ ಹಾಡುತ್ತಾರೆ. ನಮ್ಮ ಬ್ಯಾಂಕಿನವರೊಬ್ಬರ ತಂದೆ ಹೋದಾಗ ನಾನೂ ಕೂತಿದ್ದೆ. ಒಂದು ಪದ ತಿಳಿಯಲಿಲ್ಲ. ನಡುರಾತ್ರಿ ಕಳೆದ ಮೇಲೆ ಆ ಡೋಲಿನ ಪೆಟ್ಟು ಎದೆಬಡಿತದ ಜೊತೆ ಕೂಡಿಕೊಳ್ಳುತ್ತೆ. ನಮ್ಮಜ್ಜಿ ತೀರಿದಾಗ ಅಹೋರಾತ್ರಿ ನಡೆದ ಭಜನೆ ನೆನಪಾಯಿತು.

ಬಿಡಿಸಿದ್ದು ನಿಜ, ಬಿಟ್ಟವರು ತಿರುಗಿ ತಂದದ್ದೂ ನಿಜ. ಇವತ್ತು ಖುವಾಂಗ್ ಇಲ್ಲದ ಮಿಜೋ ಚರ್ಚನ್ನು ನಾನಂತೂ ನೋಡಿಲ್ಲ.

ಬೆಟಗೇರಿ ಮಾಸ್ತರ

ನಾ ಬರೇ ಕಹಿ ಹೇಳಿ ಬಿಟ್ಟಿದ್ನಿ, ಮನಸ್ಸು ಕಚ್ಚಾಕತ್ತಿತ್ತು. ಇನ್ನೊಂದೂ ಆತು ನಮ್ಮೂರಾಗ. ಅದರ ಮುಂದಿನ ವರ್ಷ ಅಂಥದ ಒಂದ ತಂಡದಾಂವ, ವಯಸ್ಸಾದಾಂವ, ಒಬ್ಬನ ತಿರುಗಿ ಬಂದಾ. ಎಂಟ ದಿನ ಇದ್ದಾ. ಅಮಾಸಿ ಭಜನಿಗೆ ಕರಕೊಂಡ ಹೋದ್ವಿ. ದಮ್ಮಡಿ ಕೈಯಾಗ ಕೊಟ್ರ ತಾಳ ತಪ್ಪತಿದ್ದ. ನಮ್ಮ ಭಜನಿ ಮುದುಕ "ಏ ಸಾಹೇಬ, ಕೈ ಬ್ಯಾಡ, ಮೊದಲ ಕಾಲಾಗ ಹಾಕ" ಅಂತ ಬೈದಾ. ಎಂಟ ದಿನಕ್ಕ ಒಂದ ತತ್ವಪದದ ಪಲ್ಲವಿ ಬಂತು, ಅಷ್ಟ. ತಾನು ಏನೂ ಹಾಡ್ಲಿಲ್ಲ. ಕಡೀ ದಿನ ನಾವ ಒತ್ತಾಯಾ ಮಾಡಿದ್ವಿ, ಆಮ್ಯಾಲ ಹಾಡಿದಾ. ಅವನ ಹಾಡಿಗೆ ನಮ್ಮ ಮುದುಕ ತಾಳಾ ಹಾಕಿದಾ ನೋಡ್ರೀ, ಎಲ್ಲೂ ತಪ್ಪಲಿಲ್ಲ.

ಆಲ್ಟೋ ಸಾಲಿನ ಕೊನೆಯವಳು

ಮಾಸ್ತರ್, ನಾವು ಹೋದಾಗ ಇಂಥದ್ದಕ್ಕೆ ಟೈಮೇ ಇರಲಿಲ್ಲ. ಹತ್ತು ದಿನಕ್ಕೆ ಹನ್ನೊಂದು ಕಾರ್ಯಕ್ರಮ. ಬಸ್ಸು, ಹಾಡು, ಊಟ, ಭಾಷಣ, ಮತ್ತೆ ಬಸ್ಸು. ಯಾರ ಮನೆಯಲ್ಲಿ ಮಲಗಿದ್ದೆ ಅಂತ ಅವರ ಹೆಸರು ಈಗ ನೆನಪಿಲ್ಲ. ನಾಚಿಕೆ ಆಗ್ತದೆ ಹೇಳಲಿಕ್ಕೆ. ಇನ್ನೊಮ್ಮೆ ಹೋಗುವುದಿದ್ದರೆ ಎರಡೇ ಊರು ಸಾಕು ಅಂತ ನಮ್ಮ ಕಮಿಟಿಯಲ್ಲಿ ನಾನು ಹೇಳಿದ್ದೇನೆ. ಖರ್ಚು ಮಾಡಿ ಹೋಗಿ ಎರಡೇ ಊರಾ ಅಂತ ಎಲ್ಲರೂ ನನ್ನನ್ನೇ ನೋಡಿದರು. ಅಯ್ಯನವರು (ನಮ್ಮ ಪಾದ್ರಿ) ಮಾತ್ರ ಬರೆದುಕೊಂಡರು.

ತುಂಗೆಯ ದಡ

ಎಲ್ಲರಿಗೂ ಧನ್ಯವಾದ. ಒಂದು ಹೊಸ ಸುದ್ದಿ ಇದೆ, ಸಹಾಯವೂ ಬೇಕು.

ಆ ಆರ್ಗನ್ ಅಜ್ಜಿ ಮೊನ್ನೆ ಫೋನ್ ಮಾಡಿದ್ದರು. ಅವರ ಹಳ್ಳಿಯ ಕ್ವಾಯರ್ ಹನ್ನೆರಡು ಜನ, ಸರಾಸರಿ ವಯಸ್ಸು ಅರವತ್ತೈದರ ಮೇಲೆ. ಅವರಿಗೆ ಕನ್ನಡದ್ದೊಂದು ಕಲಿಯಬೇಕಂತೆ. ಜರ್ಮನ್ ರಾಗದ್ದು ಬೇಡ, ಮಂಗಳೂರಿನವರು ಕೊನೇ ದಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಹಾಡಿಕೊಂಡ, ತಾಳ ಹಾಕಿ ಹಾಡುವ ಆ ಭಜನೆ ಬೇಕಂತೆ. ಕ್ವಾಯರ್ ಮಾಸ್ಟರ್ ವಾಟ್ಸಾಪ್‌ನಲ್ಲಿ ಸಾಲು ಸಾಲಾಗಿ ಹಾಡಿ ಕಳಿಸಿದ್ದಾರೆ. ನಾನು ಪ್ರತಿ ಗುರುವಾರ ಸಂಜೆ ಹೋಗಿ ಉಚ್ಚಾರ ಹೇಳಿಕೊಡಬೇಕು.

'ಳ' ಹತ್ರ ಸಿಕ್ಕಿಹಾಕಿಕೊಂಡಿದ್ದೇವೆ. 'ಬೆಳಕು' ಅಂದರೆ ಎಲ್ಲರೂ 'ಬೆಲಕು' ಅಂತಾರೆ. ನಾಲಿಗೆ ಮಡಿಸಿ ಅಂದರೆ ಒಬ್ಬರು ಕನ್ನಡಿ ತಂದು ಬಾಯಿ ತೆರೆದು ನೋಡಿಕೊಳ್ಳುತ್ತಿದ್ದಾರೆ. ಇಲ್ಲಿ ಕನ್ನಡ ಕಲಿಸುವವರು ಯಾರಾದರೂ ಇದ್ದೀರಾ?

ಬನ್ನಿಮಂಟಪ ರಸ್ತೆ

ನಾನು ವಾರಾಂತ್ಯ ಆನ್‌ಲೈನ್‌ನಲ್ಲಿ ಅನಿವಾಸಿ ಮಕ್ಕಳಿಗೆ ಕನ್ನಡ ಹೇಳಿಕೊಡ್ತೀನಿ. 'ಳ' ಒಂದನ್ನೇ ಹೇಳಿಸೋಕೆ ಹೋಗಬೇಡಿ. ಮೊದಲು 'ಅಣ್ಣ', 'ಅಟ್ಟ' ಹೇಳಿಸಿ, ನಾಲಿಗೆ ತುದಿ ತಾನೇ ಮೇಲೆ ಹೋಗಿ ಅಂಗುಳಕ್ಕೆ ತಗಲುತ್ತೆ. ಅಲ್ಲೇ ಇಟ್ಟುಕೊಂಡು ಪಕ್ಕದಿಂದ ಗಾಳಿ ಬಿಡಿ ಅನ್ನಿ. 'ಅಟ್ಟ, ಅಣ್ಣ, ಅಳ್ಳ', ಹೀಗೆ ಹತ್ತು ಸಲ. ಆಮೇಲೆ 'ಬೆಳಕು'.

ಆಲ್ಟೋ ಸಾಲಿನ ಕೊನೆಯವಳು

ಕನ್ನಡಿ ಬೇಡ ಅನ್ನಿ ಮಾರಾಯ್ರೆ, ಕಣ್ಣು ಮುಚ್ಚಿ ಹೇಳಲಿ. ನಾವು ಆ ಎರಡು ಚುಕ್ಕೆಯ 'ಉ' ಕಲಿತದ್ದು ಹಾಗೆಯೇ.

ತುಂಗೆಯ ದಡ

ಗುರುವಾರ 'ಅಟ್ಟ, ಅಣ್ಣ, ಅಳ್ಳ' ಮಾಡಿಸಿದೆ. ಹನ್ನೆರಡರಲ್ಲಿ ಏಳು ಜನಕ್ಕೆ ಬಂತು. ಆರ್ಗನ್ ಅಜ್ಜಿಗೆ ಇನ್ನೂ ಬಂದಿಲ್ಲ, ಮನೆಗೆ ಹೋಗಿ ಪ್ರಾಕ್ಟೀಸ್ ಮಾಡ್ತಾರಂತೆ. "ಮಂಗಳೂರಿನವರು ಬರುವ ಹೊತ್ತಿಗೆ ಕಲಿತಿರ್ತೀನಿ" ಅಂದರು. ಮಂಗಳೂರಿನವರು ಮತ್ತೆ ಬರ್ತಿದ್ದಾರಾ? @ಆಲ್ಟೋ ಸಾಲಿನ ಕೊನೆಯವಳು, ನಿಮ್ಮ ಕಮಿಟಿಯಲ್ಲಿ ಆ ಎರಡು ಊರು ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ ಅಂದರೆ ಹೇಳಿ, ವ್ಯಾನ್ ನಾನೇ ಓಡಿಸ್ತೀನಿ.